ಲೋಕದ ಸಂತೆಯಲ್ಲಿ ನಮ್ಮ ಬೇಲು

ಮೊಬೈಲಿನಲ್ಲೇ ಅಂಗಡಿ ತೆರೆದು ಚನ್ನಪಟ್ಟಣದ ಗೊಂಬೆಯನ್ನು ದುಬೈಗೊಂದು ದರಕ್ಕೆ, ಲಂಡನ್ನಿಗೊಂದು ದರಕ್ಕೆ ಮಾರುವ ಕಾಲವಿದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನಾವಂತೂ ದಶಕಗಳಿಂದ ಹೊರದೇಶದ ಸಿಗರೇಟಿಗೆ ಹೊಗೆಸೊಪ್ಪು ಬೆಳೆಯುತ್ತಿದ್ದೇವೆ. ಆದರೆ ದರ ಹೇಳುವ ಬಾಯಿ ನಮ್ಮದಲ್ಲ.

1975ರ ಕಾಯ್ದೆಯಂತೆ ವರ್ಜೀನಿಯಾ ಸೊಪ್ಪನ್ನು ತಂಬಾಕು ಮಂಡಳಿಯ ಹರಾಜಿನಲ್ಲೇ ಮಾರಬೇಕು. 1984ರಲ್ಲಿ ನಮ್ಮ ರಾಜ್ಯದಲ್ಲಿ ಹರಾಜು ಶುರುವಾಯಿತು. ಆಗ ಕೂಗಿ ಕರೆಯುತ್ತಿದ್ದರು. ಈಗ ವ್ಯಾಪಾರಿ ಕೈಯಲ್ಲಿನ ಯಂತ್ರದಲ್ಲಿ ದರ ಒತ್ತುತ್ತಾನೆ. ಬ್ರೆಜಿಲ್, ಜಿಂಬಾಬ್ವೆಯಲ್ಲಿ ಫಸಲು ಉಕ್ಕಿದರೆ ಕಂಪಲಾಪುರದ ಕಟ್ಟೆಯಲ್ಲಿ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ದರ ಒಪ್ಪದಿದ್ದರೆ ಬೇಲನ್ನು ಮನೆಗೆ ಒಯ್ಯಬಹುದು, ನಿಜ. ಬ್ಯಾರನ್ನಿನ ಸೌದೆಗೆ ಮಾಡಿದ ಸಾಲ ಕಾಯುವುದಿಲ್ಲ.

ಹೊಗೆಸೊಪ್ಪಿನ ಕೇಡನ್ನು ಮಸೀದಿಯಲ್ಲೂ ಆಸ್ಪತ್ರೆಯಲ್ಲೂ ಕೇಳುತ್ತೇವೆ. ಅದೇ ಹಣದಲ್ಲಿ ಮಕ್ಕಳ ಶುಲ್ಕ ಕಟ್ಟುತ್ತೇವೆ. ಈ ಬೆಳೆ ಬಿಡಿ ಎನ್ನುವ ಮಾತು ಸರಿಯೇ. ಹಾಗೆನ್ನುವವರು ನಮ್ಮ ರಾಗಿಗೂ ಶುಂಠಿಗೂ ಲೋಕದ ವ್ಯಾಪಾರಿಗಳು ಸಾಲಾಗಿ ಬಂದು ನಿಲ್ಲುವ ಕಟ್ಟೆಯೊಂದನ್ನು ತೋರಿಸಲಿ. ತೂಕದಲ್ಲಿ ನ್ಯಾಯವಿರಲಿ ಎನ್ನುತ್ತದೆ ಕುರ್‌ಆನ್. ಬೆಳೆದವನಿಗೆ ಬೇರೆ ದಾರಿಯೇ ಇಲ್ಲದ ಕಡೆ ತಕ್ಕಡಿ ಎಷ್ಟು ನೆಟ್ಟಗಿದ್ದರೇನು?