ಪರೀಕ್ಷೆಯಾಗದ ಸರಕು

ಬಟ್ಟೆ ತೊಡುವ ಜನರಲ್ಲಿ ಎರಡು ಪಂಗಡಗಳುಂಟು. ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ, ಅಂಗಡಿಯಲ್ಲಿ ತೂಗುಹಾಕಿರುವ ಸಿದ್ಧ ಅಂಗಿಯನ್ನು ಕೊಂಡು ತರುವವರದು ಒಂದು ಪಂಗಡ. ಬಟ್ಟೆಯನ್ನು ಕೊಂಡು, ಶಿವಾಜಿನಗರದ ಯಾವುದೋ ಗಲ್ಲಿಯ ದರ್ಜಿಗೆ ಅಳತೆ ಕೊಟ್ಟು, ನಾಲ್ಕು ಸಲ ಅಲೆದು ಹೊಲಿಸಿಕೊಳ್ಳುವವರದು ಇನ್ನೊಂದು. ಎರಡನೆಯವರಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಆದರೆ ಜೇಬು ಎಷ್ಟಿರಬೇಕು, ತೋಳು ಎಷ್ಟುದ್ದವಿರಬೇಕು ಎಂಬುದು ಅವರ ಇಷ್ಟ. ಗಣಕಯಂತ್ರವನ್ನು ಬಳಸುವವರಲ್ಲಿಯೂ ಈ ಎರಡು ಪಂಗಡಗಳಿವೆ. ನಾನು ಎರಡನೆಯದಕ್ಕೆ ಸೇರಿದವನು.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಯಂತ್ರದ ಮಾತೇಕೆ ಎಂದು ನಮ್ಮ ಅಧ್ಯಾಪಕರು ಕೇಳಬಹುದು. ಕಡೆಯವರೆಗೆ ಓದಿದರೆ ಇದರಲ್ಲಿ ಕನ್ನಡದ ಮಾತೂ ಇದೆಯೆಂದು ಅವರಿಗೆ ತಿಳಿಯುವುದು.

ನನ್ನ ಯಂತ್ರದಲ್ಲಿರುವುದು ಜೆಂಟೂ ಎಂಬ ಲಿನಕ್ಸ್. ಬಹು ವೇಗವಾಗಿ ಈಜುವ ಒಂದು ಜಾತಿಯ ಪೆಂಗ್ವಿನ್ನಿನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಅಮೆರಿಕದ ಡೇನಿಯಲ್ ರಾಬಿನ್ಸ್ ಎಂಬವರು ಆರಂಭಿಸಿದ ಇದರ 1.0 ಆವೃತ್ತಿ 2002ರಲ್ಲಿ ಹೊರಬಂದಿತು. ಇದರ ಉಗ್ರಾಣಿಗೆ ಪೋರ್ಟೇಜ್ ಎಂದು ಹೆಸರು. ಬೇರೆಡೆಯ ಉಗ್ರಾಣಿಗಳು ಬೇಯಿಸಿದ ಅಡುಗೆಯನ್ನು ತಂದು ಬಡಿಸಿದರೆ, ಪೋರ್ಟೇಜ್ ಮೂಲ ಬರಹವೆಂಬ ಅಕ್ಕಿ ಬೇಳೆಯನ್ನು ತರಿಸಿ, ಈಬಿಲ್ಡ್ ಎಂಬ ಪಾಕವಿಧಾನದ ಚೀಟಿಯಂತೆ ನಮ್ಮ ಮನೆಯ ಒಲೆಯಲ್ಲಿಯೇ ಬೇಯಿಸುತ್ತದೆ. 2023ರ ಡಿಸೆಂಬರಿನಿಂದ ಸಿದ್ಧ ಅಡುಗೆಯನ್ನೂ ಧಾರಾಳವಾಗಿ ಕೊಡತೊಡಗಿದ್ದಾರೆ; ಆದರೂ ಒಲೆ ಹಚ್ಚುವ ಚಟ ಹತ್ತಿದವರು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಈ ಉಗ್ರಾಣದಲ್ಲಿ ಸರಕು ಮೂರು ಬಗೆ. ಪರೀಕ್ಷೆಯಾಗಿ ಸ್ಥಿರವೆನಿಸಿಕೊಂಡದ್ದು ಮೊದಲನೆಯದು. ಇನ್ನೂ ಪರೀಕ್ಷೆಯಲ್ಲಿರುವುದು ಎರಡನೆಯದು. ಅದರ ಗುರುತಿನ ಹಿಂದೆ ‘~’ ಎಂಬ ಒಂದು ಪುಟ್ಟ ಅಲೆಗೆರೆ ಇರುತ್ತದೆ. ಕೆಟ್ಟಿದೆ ಅಥವಾ ಅಪಾಯಕಾರಿ ಎಂದು ಮುಸುಕು ಹಾಕಿ ಇಟ್ಟದ್ದು ಮೂರನೆಯದು. ಬಳಕೆದಾರರೇ ಕೂಡಿ ನಡೆಸುವ ‘ಗುರು’ ಎಂಬ ಬೇರೊಂದು ಭಂಡಾರವೂ ಉಂಟು. ಅಲ್ಲಿಯದೆಲ್ಲವೂ ಅಲೆಗೆರೆಯ ಸರಕೇ. ಹೆಸರು ಗುರುವಾದರೂ ಪರೀಕ್ಷೆ ಮಾತ್ರ ಶಿಷ್ಯರ ಪಾಲಿಗೆ!

ಅಲೆಗೆರೆ ಅಳಿಯುವುದು ಹೇಗೆ? ಸಾಮಾನ್ಯವಾಗಿ ಮೂವತ್ತು ದಿನ ಗಂಭೀರವಾದ ದೂರಿಲ್ಲದೆ ಕಳೆಯಬೇಕು. ಆಮೇಲೆ ಬಲ್ಲವರು ಕಟ್ಟಿ ನೋಡಿ ಸ್ಥಿರವೆಂದು ಮುದ್ರೆ ಒತ್ತುತ್ತಾರೆ. ಈ ನಿಯಮವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ನಮ್ಮ ಮನೆ ಹಲಸೂರಿನಲ್ಲಿ. ಇರುವ ಯಂತ್ರ ಒಂದೇ. ಅದೂ ಶಿವಾಜಿನಗರದಲ್ಲಿ ಕೊಂಡ ಹಳೆಯದು. ಹಗಲು ಅದರಲ್ಲಿ ಅಕ್ಕ ಡಿ.ಟಿ.ಪಿ. ಕೆಲಸ ಮಾಡುತ್ತಾಳೆ: ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಟ್ಯೂಷನ್ನಿನವರ ಕರಪತ್ರ. ಮನೆಯ ಬಾಡಿಗೆಯ ಅರ್ಧ ಭಾಗ, ನನ್ನ ಕಾಲೇಜಿನ ಫೀಜು, ಎರಡೂ ಆ ಪೆಟ್ಟಿಗೆಯಿಂದಲೇ ಹುಟ್ಟಬೇಕು. ರಾತ್ರಿ ಅದು ನನ್ನದು.

ಅಕ್ಕನಿಗೆ ಬಹುಕಾಲದ ಒಂದು ತೊಂದರೆಯಿತ್ತು. ‘ರ‍್ಯಾಂಕ್’ ಎಂದು ಬೆರಳಚ್ಚಿಸಿದರೆ ಪುಟದ ಮೇಲೆ ‘ರ್ಯಾಂಕ್’ ಎಂದು ಮೂಡುತ್ತಿತ್ತು. ಸೂರ್ಯನಿಗೆ ಒಪ್ಪುವ ಅರ್ಕಾವೊತ್ತು ರ‍್ಯಾಂಕಿಗೆ ಒಪ್ಪುವುದಿಲ್ಲವಷ್ಟೆ. ಅಕ್ಷರಗಳನ್ನು ಜೋಡಿಸುವ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಇದು ಸರಿಹೋಗಿದೆಯೆಂದು ತಿಳಿಯಿತು. ಅದಕ್ಕೆ ಅಲೆಗೆರೆಯಿತ್ತು.

“ಲೋ, ಅದು ಪರೀಕ್ಷೆಯಾಗಿದೆಯೇನೋ?” ಎಂದಳು ಅಕ್ಕ.

“ಇಲ್ಲ ಅಕ್ಕ. ಆಗಲಿ ಅಂತಲೇ ಹಾಕ್ತಿರೋದು.”

“ಪರೀಕ್ಷೆಗೆ ನನ್ನ ಹೊಟ್ಟೆಪಾಡೇ ಸಿಕ್ಕಿತೇನೋ ನಿನಗೆ? ಬೆಳಿಗ್ಗೆ ಹತ್ತು ಗಂಟೆಗೆ ಕರಪತ್ರ ಅಚ್ಚಿಗೆ ಹೋಗಬೇಕು.”

ನಮ್ಮ ಪಕ್ಕದ ಮನೆಯಲ್ಲಿ ಸ್ಕೂಟರ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಶಿವಾಜಿನಗರದ ಗುಜರಿಯಿಂದ ತಂದ ಬ್ರೇಕನ್ನು ಮೊದಲು ಗಲ್ಲಿಯಲ್ಲಿ ಓಡಿಸಿ ನೋಡಬೇಕು, ಆಮೇಲೆ ಹಳೇ ಮದರಾಸು ರಸ್ತೆಗೆ ಇಳಿಸಬೇಕು ಎಂಬುದು ಅವರ ಶಾಸ್ತ್ರ. ನಾನು ಅದನ್ನೇ ಅನುಸರಿಸಿದೆನು. ಇಡೀ ಯಂತ್ರಕ್ಕೆ ಅಲೆಗೆರೆಯ ಬಾಗಿಲು ತೆರೆಯದೆ, ಆ ಒಂದು ತಂತ್ರಾಂಶದ ಆ ಒಂದು ಆವೃತ್ತಿಯ ಹೆಸರನ್ನು ಮಾತ್ರ ಅನುಮತಿಯ ಪಟ್ಟಿಯಲ್ಲಿ ಬರೆದೆನು. ಆಗಲೇ ಇದ್ದ ಹಳೆಯದನ್ನು ಕ್ವಿಕ್‌ಪಿಕೆಜಿ ಎಂಬ ಆಜ್ಞೆಯಿಂದ ಗಂಟು ಕಟ್ಟಿ ಇಟ್ಟೆನು. ಸರಕಿನ ಜೊತೆಯಲ್ಲಿಯೇ ಬರುವ ಸ್ವಪರೀಕ್ಷೆಗಳನ್ನೂ ಓಡಿಸಲು ಪೋರ್ಟೇಜಿಗೆ ಹೇಳಿದೆನು. ನಡುವೆ ಒಮ್ಮೆ ಕರೆಂಟು ಹೋಗಿ ಬಂದಿತು, ಮತ್ತೆ ಕಟ್ಟಬೇಕಾಯಿತು.

ಹೊಸದು ಬಂದು ಕುಳಿತಿತು. ‘ರ‍್ಯಾಂಕ್’ ಮುತ್ತಿನಂತೆ ಮೂಡಿತು. ಆದರೆ ಕೋಷ್ಟಕವಿದ್ದ ಪುಟವನ್ನು ತೆರೆದೊಡನೆ ಪುಟವಿನ್ಯಾಸದ ತಂತ್ರಾಂಶ ಕಣ್ಣುಮುಚ್ಚಿತು. ಅಕ್ಕನ ಕರಪತ್ರದಲ್ಲಿ ಕೋಷ್ಟಕವೇ ಮುಖ್ಯ. ಗಂಟೆ ಹನ್ನೊಂದಾಗಿತ್ತು. ಅಕ್ಕ ಮಾತಾಡಲಿಲ್ಲ, ಅದು ಬೈಗುಳಕ್ಕಿಂತ ಭಾರವಾಗಿತ್ತು. ಗಂಟು ಬಿಚ್ಚಿ ಹಳೆಯದನ್ನು ಹಿಂದಕ್ಕೆ ಹಾಕಲು ಐದು ನಿಮಿಷ ಸಾಕಾಯಿತು. ಅಕ್ಕ ‘ರ‍್ಯಾಂಕ್’ ಎಂಬಲ್ಲಿ ‘ಪ್ರಥಮ ಸ್ಥಾನ’ ಎಂದು ತಿದ್ದಿ, ಹತ್ತಕ್ಕೆ ಸರಿಯಾಗಿ ಕರಪತ್ರ ಕಳುಹಿಸಿದಳು. ಕನ್ನಡಕ್ಕೆ ಅಷ್ಟು ಲಾಭವೇ ಆಯಿತು!

ಮುಂದಿನ ಕೆಲಸ ದೂರು ಬರೆಯುವುದು. ತಪ್ಪು ಕಾಣಿಸುವಷ್ಟೇ ಚಿಕ್ಕದಾದ ಒಂದು ಪುಟ, ಕಟ್ಟಿದ ಹೊತ್ತಿನ ದಿನಚರಿ, ನನ್ನ ಯಂತ್ರದ ವಿವರ, ಇಷ್ಟನ್ನೂ ಸೇರಿಸಿ ಕಳುಹಿಸಿದೆನು. ಕನ್ನಡದ ಒಂದಕ್ಷರವೂ ಬಾರದ ಯಾರೋ ಒಬ್ಬರು ಸಮುದ್ರದಾಚೆಯಿಂದ ಉತ್ತರಿಸಿದರು. ಅವರು ಕಳುಹಿಸಿದ ತಿದ್ದುಪಡಿಗಳನ್ನು ಮೂರು ಸಲ ಕಟ್ಟಿ ನೋಡಿದೆನು. ಅಕ್ಕನ ಕರಾರಿನಂತೆ, ಬೇರೊಂದು ಹಳೆಯ ಡಿಸ್ಕಿನಲ್ಲಿ. ಮೂರನೆಯದು ಸರಿಹೋಯಿತು. ಕೆಲವು ವಾರಗಳ ಮೇಲೆ ಅಲೆಗೆರೆಯೂ ಅಳಿಯಿತು.

ಮೂಲ ಬರಹ ತೆರೆದಿರುವಾಗ ಭಯವೇಕೆ ಎಂದು ಕೆಲವರು ಕೇಳುತ್ತಾರೆ. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಹೋಗಿ ನೋಡಿದವರಿದ್ದಾರೆ ಎಂದಲ್ಲ. 2024ರಲ್ಲಿ ಎಕ್ಸ್‌ಝೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿದ್ದರು. ಅಡಗಿಸಿದವನು ವರ್ಷಗಳ ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ್ದವನು. ಪೋರ್ಟೇಜ್ ತಂದ ಸರಕಿನ ಮುದ್ರೆಯನ್ನು ತಾಳೆ ನೋಡುತ್ತದೆ, ನಿಜ. ಆದರೆ ಮೂಟೆ ಕಟ್ಟಿದವನೇ ವಿಷ ಬೆರೆಸಿದರೆ ಮುದ್ರೆ ಸರಿಯಾಗಿಯೇ ಇರುತ್ತದೆ. ಜೆಂಟೂವಿನಲ್ಲಿ ಆ ಕಳ್ಳಬಾಗಿಲು ತೆರೆದುಕೊಳ್ಳುತ್ತಿರಲಿಲ್ಲವೆಂದು ಅದನ್ನು ನಡೆಸುವವರು ತಿಳಿಸಿದರಾದರೂ, ಹಿಂದಿನ ಆವೃತ್ತಿಗೆ ಮರಳಿರೆಂದು ಎಲ್ಲರಿಗೂ ಹೇಳಿದರು.

ಅದನ್ನು ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು. ಡೆಬಿಯನ್ ಎಂಬ ಲಿನಕ್ಸಿನ ಅಸ್ಥಿರ ವಿಭಾಗವನ್ನು ಅವರು ಬಳಸುತ್ತಿದ್ದರು. ದೂರದ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂದಿತು; ಏಕೆಂದು ಹುಡುಕುತ್ತ ಹೋಗಿ, ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಪರೀಕ್ಷೆಯಾಗದ ಸರಕನ್ನು ಕಣ್ಣು ತೆರೆದು ಬಳಸುವವರು ಒಬ್ಬರಿದ್ದುದರಿಂದ, ಸ್ಥಿರವಾದುದನ್ನೇ ನಂಬಿ ಕುಳಿತ ಲಕ್ಷಾಂತರ ಜನ ಉಳಿದರು.

ಈಗ ಆ ಮೂವತ್ತು ದಿನದ ನಿಯಮಕ್ಕೆ ಬರೋಣ. ಮೌನವನ್ನು ಅಲ್ಲಿ ಒಪ್ಪಿಗೆಯೆಂದು ಎಣಿಸುತ್ತಾರೆ. ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಜರ್ಮನಿಯವರಾಗಲಿ ಜಪಾನಿನವರಾಗಲಿ ಕಂಡುಹಿಡಿಯಬಲ್ಲರು. ಅರ್ಕಾವೊತ್ತು ತಪ್ಪಾಗಿ ಕುಳಿತರೆ ಅವರಿಗೆ ತಿಳಿಯುವುದು ಹೇಗೆ? ಕನ್ನಡ ಓದುವವರಾರೂ ಅಲೆಗೆರೆಯ ಸರಕನ್ನು ಮುಟ್ಟದಿದ್ದರೆ, ಮೂವತ್ತು ದಿನ ದೂರಿಲ್ಲದೆ ಕಳೆದು, ತಪ್ಪು ಕನ್ನಡಕ್ಕೂ ಸ್ಥಿರವೆಂಬ ಮುದ್ರೆ ಬೀಳುವುದು. ಕಾಗುಣಿತ ಬಲ್ಲ ಕಲಾ ವಿದ್ಯಾರ್ಥಿಯ ಕಣ್ಣು ಇಲ್ಲಿ ಎಂಜಿನಿಯರನ ಕಣ್ಣಿನಷ್ಟೇ ಬೇಕಾದದ್ದು.

ಕಾಲೇಜಿನ ಕಛೇರಿಯ ಯಂತ್ರದಲ್ಲಿ ಇದನ್ನು ಮಾಡಿರೆಂದು ನಾನು ಹೇಳುವುದಿಲ್ಲ. ಕೆಟ್ಟರೆ ತಡೆದುಕೊಳ್ಳಬಹುದಾದ ಒಂದು ಹಳೆಯ ಪೆಟ್ಟಿಗೆ, ಹಿಂದಕ್ಕೆ ಬರಲು ಒಂದು ಗಂಟು, ಕಂಡದ್ದನ್ನು ಕಂಡ ಹಾಗೆ ಬರೆಯುವ ತಾಳ್ಮೆ, ಇಷ್ಟಿದ್ದರೆ ಸಾಕು. ಸೆಮಿಸ್ಟರಿನ ಪರೀಕ್ಷೆಯಲ್ಲಿ ನಮ್ಮ ಫಲಿತಾಂಶವನ್ನು ಬೇರೆಯವರು ಹೇಳುತ್ತಾರೆ. ಈ ಪರೀಕ್ಷೆಯಲ್ಲಿ ಫಲಿತಾಂಶ ಹೇಳಬೇಕಾದವರು ನಾವು.