ಬಾವಿಯ ಈಜು, ಕಡಲಿನ ಸೆಳವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕಿಗೂ ಕಡಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಮಳೆಗಾಲ ಮುಗಿದು, ಮೆಕ್ಕೆಜೋಳ ಮಾರಿ ಕೈಗೆ ನಾಲ್ಕು ಕಾಸು ಬಂತೆಂದರೆ ನಮ್ಮ ಹುಡುಗರು ಕ್ರೂಸರ್ ಮಾತಾಡಿಕೊಂಡು ಗೋಕರ್ಣ, ಮುರುಡೇಶ್ವರದ ಕಡೆ ಹೊರಡುತ್ತಾರೆ. ಮೊದಲೆಲ್ಲ ದೇವರ ದರ್ಶನ, ದಂಡೆಯಲ್ಲಿ ಕಾಲು ತೋಯಿಸಿಕೊಂಡು ಒಂದು ಫೋಟೊ, ಅಷ್ಟೇ ಇತ್ತು. ಈಗ ಹೋಟೆಲ್ ಮುಂದೆ, ಕಟ್ಟೆ ಮೇಲೆ ಕೇಳುವ ಮಾತು ಬೇರೆ: ‘ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡ್ಕೊಂಡು ಬರೋಣೇನ್ರಲೇ?’

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಕಡಲೊಳಗಿರುವ ಸಣ್ಣ ನಡುಗಡ್ಡೆ. ಜನವಸತಿ ಇಲ್ಲ. ಸುತ್ತಲೂ ಬಂಡೆ, ಹವಳ, ಬಣ್ಣಬಣ್ಣದ ಮೀನು. 2022ರ ಅಕ್ಟೋಬರ್‌ನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅಪ್ಪು ಅಲ್ಲಿನ ನೀರಿಗೆ ಇಳಿದಿದ್ದನ್ನು ನೋಡಿದ ಮೇಲೆ ನಮ್ಮ ಕಡೆಯವರಿಗೆ ಆ ಹೆಸರು ಇನ್ನೂ ಹತ್ತಿರವಾಯಿತು. ಹೊಸಪೇಟೆಯಲ್ಲಿ ಅಪ್ಪು ಪ್ರತಿಮೆಗೆ ಕೈಮುಗಿಯುವ ಹುಡುಗರಿಗೆ ನೇತ್ರಾಣಿ ನೋಡಬೇಕೆನಿಸುವುದು ಸಹಜ. ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಹೋಗುವ ಮುಂಚೆ ತಯಾರಿ ಹೇಗಿರಬೇಕು ಅನ್ನುವುದಷ್ಟೇ ನಮ್ಮ ಮಾತು.

ನಾವು ತಾಲೂಕು ಸುದ್ದಿ ಬರೆಯುವವರು. ಕೆರೆ, ಹೊಳೆ, ಕೃಷಿಹೊಂಡ ಅಂತ ನೀರಿನ ಸಾವಿನ ಸುದ್ದಿಗೆ ಹೋಗದ ವರ್ಷವಿಲ್ಲ. ದಂಡೆಯ ಮೇಲೆ ಕೂತ ಮನೆಯವರು ಮತ್ತೆ ಮತ್ತೆ ಹೇಳುವ ಮಾತೊಂದಿದೆ: ‘ನಮ್ಮ ಹುಡುಗಗ ಈಜು ಬರ್ತಿತ್ತು ಸಾರ್.’ ಅದು ಸುಳ್ಳಲ್ಲ. ಈಜು ಬರುತ್ತಿತ್ತು ಎಂಬ ಧೈರ್ಯವೇ ಎಷ್ಟೋ ಸಲ ಅವರನ್ನು ನೀರಿಗೆ ಇಳಿಸಿದ್ದು.

ನಾವೆಲ್ಲ ಈಜು ಕಲಿತದ್ದು ಬಾವಿಯಲ್ಲಿ. ಬೆನ್ನಿಗೆ ಬೆಂಡು ಇಲ್ಲವೇ ಖಾಲಿ ಕ್ಯಾನು ಕಟ್ಟಿ ಅಣ್ಣನೋ ಮಾವನೋ ಮೇಲಿನಿಂದ ದೂಡಿದ್ದು. ಬಾವಿಯ ನೀರು ನಿಂತ ನೀರು. ನಾಲ್ಕು ಕೈ ಬೀಸಿದರೆ ಗೋಡೆ ಸಿಗುತ್ತದೆ, ಮೆಟ್ಟಿಲು ಸಿಗುತ್ತದೆ. ಅಲ್ಲಿ ನೀವು ಮಾತ್ರ ಚಲಿಸುತ್ತೀರಿ. ಕಡಲಲ್ಲಿ ನೀರೇ ಚಲಿಸುತ್ತದೆ, ನಿಮ್ಮನ್ನೂ ಹೊತ್ತುಕೊಂಡು. ಆ ಸೆಳವನ್ನು ಅರಿಯದೆ ಬಾವಿಯ ಈಜನ್ನೇ ನಂಬಿ ಇಳಿಯುವುದು ಬೇರೆ ಊರಿನ ಬಸ್ಸಿನ ಪಾಸು ಹಿಡಿದು ನಮ್ಮೂರ ಬಸ್ಸು ಹತ್ತಿದಂತೆ.

ಹೊಳೆದಂಡೆಯವರಿಗೆ ಇದು ಸ್ವಲ್ಪ ಗೊತ್ತು. ಹಡಗಲಿ, ಹರಪನಹಳ್ಳಿ ಕಡೆ ತುಂಗಭದ್ರೆ ದಾಟಲು ಹರಿಗೋಲು ಹತ್ತಿದವರು ಅಂಬಿಗರ ಕೆಲಸ ನೆನಪಿಸಿಕೊಳ್ಳಿ. ಎದುರಿನ ದಂಡೆಗೆ ನೇರ ಹುಟ್ಟು ಹಾಕುವುದಿಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಹೋಗಿ, ಆಮೇಲೆ ಹೊಳೆಗೆ ಬಿಟ್ಟು ಓರೆಯಾಗಿ ದಾಟುತ್ತಾರೆ. ಸೆಳವು ಎಷ್ಟು ಕೆಳಕ್ಕೆ ಒಯ್ಯುತ್ತದೆ ಎಂಬ ಲೆಕ್ಕ ಹತ್ತುವ ಮುಂಚೆಯೇ ಅವರ ತಲೆಯಲ್ಲಿರುತ್ತದೆ. ಸ್ಕೂಬಾ ಕಲಿಸುವವರು ಹೇಳುವ ಮೊದಲ ಪಾಠವೂ ಇದೇ: ಸೆಳವಿನ ಜೊತೆ ಕುಸ್ತಿ ಬೇಡ, ಇಳಿಯುವ ಮುಂಚೆ ಲೆಕ್ಕ ಹಾಕು.

ಆ ಲೆಕ್ಕ ಯಾಕೆ ಬೇಕು ಅಂದರೆ, ಸೆಳವಿನ ಬಲ ಕಣ್ಣಿಗೆ ಕಾಣುವುದಿಲ್ಲ. ಗಂಟೆಗೆ 2 ಕಿ.ಮೀ. ವೇಗ ಅಂದರೆ ಎತ್ತಿನ ಬಂಡಿಗಿಂತ ನಿಧಾನ. ಆದರೆ ಬೆನ್ನಿಗೆ ಸಿಲಿಂಡರ್ ಹೊತ್ತ ಸಾಧಾರಣ ಮನುಷ್ಯ ಅಷ್ಟು ವೇಗದ ನೀರಿಗೆ ಎದುರಾಗಿ ಹೆಚ್ಚು ಹೊತ್ತು ಈಜಲಾರ. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತು ನಾಲ್ಕು ಪಟ್ಟಾಗುತ್ತದೆ.

ನಡುಗಡ್ಡೆಯ ಸುತ್ತ ಇದು ಇನ್ನೂ ಸೂಕ್ಷ್ಮ. ಹೊಳೆ ತುಂಬಿದಾಗ ಸೇತುವೆಯ ಕಂಬಗಳ ಪಕ್ಕ ನೀರು ರಭಸವಾಗಿ ಹಾಯುವುದನ್ನು, ಕಂಬದ ಹಿಂದೆ ಸುಳಿ ಏಳುವುದನ್ನು ನೋಡಿರುತ್ತೀರಿ. ನಡುಗಡ್ಡೆಯೂ ಕಡಲಿನ ನಡುವಿನ ಒಂದು ಕಂಬವೇ. ಅದರ ಮೂಲೆಗಳಲ್ಲಿ ಸೆಳವು ಹೆಚ್ಚು, ಮರೆಯಲ್ಲಿ ಕಡಿಮೆ. ಬಂಡೆಯ ಮರೆಯಲ್ಲಿ ಹಾಯಾಗಿ ಮೀನು ನೋಡುತ್ತಿದ್ದವರು ಮೂಲೆ ತಿರುಗಿದೊಡನೆ ಬೇರೆಯದೇ ನೀರಿಗೆ ಸಿಗಬಹುದು.

ಚಂದ್ರನ ಲೆಕ್ಕವೂ ಇದೆ. ನಮ್ಮ ಕರಾವಳಿಯಲ್ಲಿ ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಈ ಉಬ್ಬರ ಇಳಿತ ಹೆಚ್ಚು, ಅದರ ಸೆಳವೂ ಹೆಚ್ಚು. ಅಷ್ಟಮಿಯ ಆಸುಪಾಸು ಕಡಿಮೆ. ನಾವು ಪ್ರವಾಸದ ದಿನ ಗೊತ್ತು ಮಾಡುವುದು ರಜೆ ನೋಡಿ. ಅದೇ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ಒಮ್ಮೆ ನೋಡಬಹುದು. ಆದರೆ ಗಾಳಿಯೂ ಸೆಳವು ಹುಟ್ಟಿಸುತ್ತದೆ, ಹಾಗಾಗಿ ಕ್ಯಾಲೆಂಡರ್ ಒಂದನ್ನೇ ನಂಬುವಂತಿಲ್ಲ. ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಅಲೆ, ಗಾಳಿ, ಸೆಳವಿನ ಮುನ್ಸೂಚನೆ ಕೊಡುತ್ತದೆ. ಮೀನುಗಾರರು ನೋಡುವ ಆ ಮಾಹಿತಿ ನಮ್ಮ ಫೋನಿನಲ್ಲೂ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಮಳೆಗಾಲದ ಕಡಲು ನೋಡುವುದಕ್ಕೆ, ಇಳಿಯುವುದಕ್ಕಲ್ಲ.

ಇನ್ನು ಸಿಲಿಂಡರಿನ ಲೆಕ್ಕ. ಅದರೊಳಗೆ ಇರುವುದು ಬರೀ ಆಮ್ಲಜನಕ ಅಂತ ತುಂಬಾ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 11 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,200 ಲೀಟರ್ ಗಾಳಿ. 50 ಬಾರ್ ಉಳಿಸಿಕೊಂಡೇ ಮೇಲೆ ಬರಬೇಕೆಂದು ಕಲಿಸುತ್ತಾರೆ. ಅಂದರೆ ಖರ್ಚಿಗೆ ಸಿಗುವುದು 1,650 ಲೀಟರ್. ದಂಡೆಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ 40 ಲೀಟರ್ ಬೇಕು. ಹಾಗಾದರೆ 40 ನಿಮಿಷ ನಡೆಯಿತು. ಅದೇ ಮನುಷ್ಯ ಸೆಳವಿಗೆ ಎದುರಾಗಿ ಕಾಲು ಬಡಿದು, ಗಾಬರಿಯಾಗಿ, ದಂಡೆಯ ಲೆಕ್ಕದಲ್ಲಿ ನಿಮಿಷಕ್ಕೆ 50 ಲೀಟರ್ ಎಳೆಯತೊಡಗಿದರೆ ಆಳದಲ್ಲಿ ಅದು 100. ಆಗ 16 ನಿಮಿಷವಷ್ಟೇ. ಲೋಡ್ ಹೆಚ್ಚಾದ ಮೋಟರ್ ಹೆಚ್ಚು ಕರೆಂಟ್ ಎಳೆದಂತೆ. ಸಮಾಧಾನವಾಗಿರಿ ಅಂತ ಗೈಡ್ ಹೇಳುವುದು ಉಪಚಾರದ ಮಾತಲ್ಲ, ಗಾಳಿಯ ಲೆಕ್ಕ.

ಬಾವಿ ಕಲಿಸಿದ ಒಂದು ಪಾಠವನ್ನು ಇಲ್ಲಿ ಪೂರ್ತಿ ಮರೆಯಬೇಕು. ಬಾವಿಯಲ್ಲಿ ಮುಳುಗುವಾಗ ಉಸಿರು ಕಟ್ಟುತ್ತೇವೆ. ಯಾರು ಹೆಚ್ಚು ಹೊತ್ತು ಕಟ್ಟುತ್ತಾರೆ ಅಂತ ಪಂದ್ಯ ಬೇರೆ. ಸ್ಕೂಬಾದಲ್ಲಿ ಉಸಿರು ಕಟ್ಟಲೇಬಾರದು. ಕಾರಣ ಸರಳ. 10 ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬಾ ಎಳೆದುಕೊಂಡ ಗಾಳಿ ನೀರಿನ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಬಿಗಿಹಿಡಿದು ಸರ್ರನೆ ಮೇಲೆ ಬಂದರೆ ಶ್ವಾಸಕೋಶವೇ ಹರಿಯಬಹುದು. ಉಸಿರಾಡುತ್ತಾ, ನಿಧಾನವಾಗಿ, ನಿಮಿಷಕ್ಕೆ 9 ಮೀಟರಿಗಿಂತ ಬೇಗ ಅಲ್ಲದಂತೆ ಮೇಲೆ ಬರಬೇಕು. ಇಳಿಯುವಾಗ ಕಿವಿ ಒತ್ತಿದಂತಾದರೆ ಮೂಗು ಹಿಡಿದು ಮೆಲ್ಲಗೆ ಊದಿ ಸರಿಮಾಡಿಕೊಳ್ಳಬೇಕು. ನೋವು ಹೋಗದಿದ್ದರೆ ಇನ್ನೂ ಕೆಳಕ್ಕೆ ಹೋಗಬಾರದು.

ಕೈಸನ್ನೆಯ ವಿಷಯವನ್ನು ನಗುತ್ತಾ ಕೇಳಿ ಮರೆಯಬೇಡಿ. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದರೆ ‘ಸರಿ’ ಅಂತ. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ದೋಣಿ ಹತ್ತುವ ಮುಂಚೆ ಇವನ್ನು ನಾಲ್ಕು ಸಲ ಮಾಡಿ ರೂಢಿಸಿಕೊಳ್ಳಿ.

ಒಂದು ಡಿಸೆಂಬರ್‌ನಲ್ಲಿ ನಾವು ಐದು ಜನ ಗೆಳೆಯರು ನೇತ್ರಾಣಿಗೆ ಹೋಗಿದ್ದೆವು. ದೋಣಿ ಹತ್ತುವ ಮುಂಚೆ ಆರೋಗ್ಯದ ಫಾರಂ ಕೊಟ್ಟರು. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಆಪರೇಷನ್, ಈಗ ಇರುವ ನೆಗಡಿ, ಎಲ್ಲ ಕೇಳಿದ್ದರು. ನಮ್ಮಲ್ಲಿ ಒಬ್ಬನಿಗೆ ಎರಡು ದಿನದಿಂದ ನೆಗಡಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ ಎಂದು ಗೈಡ್ ವಿವರಿಸಿದ. ಗೆಳೆಯ ‘ಹೌದು’ ಎಂದು ಗುರುತು ಹಾಕಿ, ‘ನಾನು ದೋಣ್ಯಾಗ ಕುಂದುರ್ತೀನಿ, ನೀವು ಹೋಗ್ರಪ’ ಅಂದ. ದುಡ್ಡು ಕಟ್ಟಿಯಾಗಿತ್ತು. ಊರಲ್ಲಿ ಹೇಳಿಯೂ ಬಂದಿದ್ದ. ಆದರೂ ಕೂತ. ನೀರಿನ ಮೇಲೆ ಗುಳ್ಳೆಗಳು ಹಗ್ಗದಿಂದ ಓರೆಯಾಗಿ ಸರಿಯುತ್ತಿದ್ದವು. ಅದನ್ನು ನೋಡಿದ ಗೈಡ್, ಮೂಲೆಯಾಚೆ ಹೋಗುವ ಯೋಚನೆ ಬಿಟ್ಟು ಲಂಗರಿನ ಹಗ್ಗದ ಹತ್ತಿರವೇ ಇಳಿಸಿದ. ಒಬ್ಬರ ನಂತರ ಒಬ್ಬರು, ಹಗ್ಗ ಹಿಡಿದೇ. ಆ ದಿನ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ತಯಾರಾಗಿ ಬಂದವನು ನೀರಿಗೆ ಇಳಿಯದ ಗೆಳೆಯನೇ ಅಂತ ನಮಗೆ ಈಗಲೂ ಅನ್ನಿಸುತ್ತದೆ. ‘ಬೇಡ’ ಅನ್ನುವುದನ್ನು ಅವನು ಕಲಿತು ಬಂದಿದ್ದ.

ಫಾರಂ ಇಂಗ್ಲಿಷಿನಲ್ಲಿದ್ದರೆ ನಾಚಿಕೆ ಬೇಡ. ‘ಕನ್ನಡದಾಗ ಓದಿ ಹೇಳ್ರಿ’ ಅನ್ನಿ. ಓದದೆ ಸಹಿ ಮಾಡಿದ ಕಾಗದ ನೀರೊಳಗೆ ನಿಮ್ಮ ಕೈ ಹಿಡಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸೆಳವು ಎಳೆದುಕೊಂಡು ಹೋದರೆ? ಗೈಡಿನ ಕೈ ಬಿಡಬೇಡಿ. ಎದುರಾಗಿ ಈಜಬೇಡಿ, ಸೆಳವಿಗೆ ಅಡ್ಡಲಾಗಿ ಬಂಡೆಯ ಮರೆಗೆ ಸರಿಯಿರಿ. ತಳದ ಹತ್ತಿರ ಸೆಳವು ಸಾಮಾನ್ಯವಾಗಿ ಮೇಲಿಗಿಂತ ಕಡಿಮೆ ಇರುತ್ತದೆ, ಆದರೆ ಎಲ್ಲಿ ಸರಿಯಬೇಕು ಎಂಬುದನ್ನು ಗೈಡ್ ಹೇಳಲಿ. ಗೈಡ್ ಕಾಣದೆ ಹೋದರೆ ಒಂದು ನಿಮಿಷ ಸುತ್ತ ನೋಡಿ, ಆಮೇಲೆ ಉಸಿರಾಡುತ್ತಾ ನಿಧಾನವಾಗಿ ಮೇಲೆ ಬನ್ನಿ. ಮೇಲೆ ಬಂದ ಮೇಲೆ ಜಾಕೆಟ್ಟಿಗೆ ಗಾಳಿ ತುಂಬಿಸಿ, ತೇಲಿ, ಸೀಟಿ ಊದಿ, ಕೈ ಎತ್ತಿ. ದೋಣಿ ನಿಮ್ಮತ್ತ ಬರಬೇಕೇ ಹೊರತು ನೀವು ದೋಣಿಯತ್ತ ಈಜಿ ಸುಸ್ತಾಗಬಾರದು.

ಸ್ಕೂಬಾ ಮಾಡದೆ ದಂಡೆಯಲ್ಲಿ ಆಡುವವರಿಗೂ ಈ ಮಾತು ಸಲ್ಲುತ್ತದೆ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ದಂಡೆಯಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅವರದೂ ನಮ್ಮ ಹಾಗೆ ಕಡಲಿಲ್ಲದ ಸೀಮೆ. ಅಲೆ ಬಂದು ಹೋಗುವಾಗ ದಂಡೆಯ ನೀರು ಒಂದು ಕಿರಿದಾದ ಜಾಗದಲ್ಲಿ ಸೇರಿ ಕಡಲಿನತ್ತ ವಾಪಸ್ ಎಳೆಯುತ್ತದೆ. ಅಲೆ ಕಡಿಮೆ ಇದ್ದು ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಆ ಸೆಳವಿನ ದಾರಿ. ಅದಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಬೇಡಿ. ತೇಲಿ, ಕೈ ಎತ್ತಿ ಕೂಗಿ, ದಂಡೆಗುಂಟ ಅಡ್ಡಲಾಗಿ ಸರಿದು ಹೊರಬನ್ನಿ. ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಸೀಟಿ ಊದುವ ಜೀವರಕ್ಷಕನ ಜೊತೆ ಜಗಳ ಬೇಡ.

ಕೊನೆಗೆ ದಾರಿಯ ಮಾತು. ನಮ್ಮವರು ಇಡೀ ರಾತ್ರಿ ಕ್ರೂಸರ್‌ನಲ್ಲಿ ನಿದ್ದೆಗೆಟ್ಟು ಹೋಗಿ, ಬೆಳಿಗ್ಗೆ ನೇರ ದೋಣಿ ಹತ್ತಿ, ಸಂಜೆಗೇ ಘಟ್ಟ ಹತ್ತಿ ವಾಪಸಾಗುತ್ತಾರೆ. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಸುವ ಲೆಕ್ಕ ಅದು. ನಿದ್ದೆ ಇಲ್ಲದ, ವಾಂತಿಯಾದ, ಹಿಂದಿನ ರಾತ್ರಿ ಕುಡಿದ ದೇಹ ಆಳದ ನೀರಿಗೆ ತಕ್ಕದ್ದಲ್ಲ. ಇನ್ನೊಂದು ಕಾರಣವೂ ಇದೆ. ಆಳದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಕರಗುತ್ತದೆ. ಎತ್ತರಕ್ಕೆ ಹೋದಂತೆ, ಸೋಡಾ ಬಾಟಲಿ ತೆರೆದಾಗ ಆಗುವಂತೆ, ಅದು ಗುಳ್ಳೆಯಾಗುವ ಅಪಾಯ ಇರುತ್ತದೆ. ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹೆಚ್ಚು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ನಾವು ವಿಮಾನ ಹತ್ತುವುದಿಲ್ಲ, ಘಟ್ಟ ಹತ್ತುತ್ತೇವೆ. ಕಡಿಮೆ ಆಳದ ಒಂದೇ ಮುಳುಗಿಗೆ ಅಪಾಯ ಕಡಿಮೆ, ಆದರೂ ಆ ರಾತ್ರಿ ಕೆಳಗೇ ಉಳಿದು ಬೆಳಿಗ್ಗೆ ಹೊರಡುವುದು ಒಳ್ಳೆಯದು. ಡ್ರೈವರ್‌ಗೂ ನಿದ್ದೆಯಾಗುತ್ತದೆ.

ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ: ಗೈಡಿಗೆ ತರಬೇತಿಯ ಪ್ರಮಾಣಪತ್ರ ಇದೆಯೇ? ಒಬ್ಬ ಗೈಡಿಗೆ ಎಷ್ಟು ಜನ? ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್, ಆಮ್ಲಜನಕದ ಕಿಟ್ ಇದೆಯೇ? ಸೆಳವು ಹೆಚ್ಚಿದ್ದರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿದ್ದರೆ ‘ಕಟ್ಟಿದ ದುಡ್ಡಿಗಾದ್ರೂ ಇಳಿಯೋಣ’ ಅನ್ನುವ ಮಾತು ದೋಣಿಯಲ್ಲಿ ಏಳುವುದಿಲ್ಲ.

ಫೋನಿನಲ್ಲಿ ಎರಡು ನಂಬರ್ ಇಟ್ಟುಕೊಳ್ಳಿ: ತುರ್ತಿಗೆ 112, ಕಡಲಲ್ಲಿ ಅಪಾಯವಾದರೆ ಕರಾವಳಿ ಕಾವಲು ಪಡೆಯ 1554. ಹೊರಡುವ ಹಿಂದಿನ ದಿನ ಗೆಳೆಯರೆಲ್ಲ ಕಟ್ಟೆಗೆ ಕೂತು ಒಂದು ಮಾತು ಆಡಿಕೊಳ್ಳಿ: ಯಾರು ‘ನಾನು ಇಳಿಯಲ್ಲ’ ಅಂದರೂ ಉಳಿದವರು ನಗಬಾರದು, ಊರಿಗೆ ಬಂದ ಮೇಲೂ ಅದನ್ನೆತ್ತಿ ಆಡಿಕೊಳ್ಳಬಾರದು.