ಹುಣಸೆಹುಳಿ ಹಚ್ಚಬೇಡಿ

ಕಂಪ್ಲಿ ಕಡೆಯ ಗೆಳೆಯರೊಬ್ಬರು ಹಸಿರುಗಟ್ಟಿದ ತಾಮ್ರದ ಬಿಲ್ಲೆಯ ಫೋಟೊ ಕಳಿಸಿ, 'ಇದು ರೋಮನ್ನರದಾ?' ಅಂತ ಕೇಳಿದರು. ಆಸೆ ತಪ್ಪೇನಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಲ್ಲಿ ಅಗೆದಿದ್ದರು.

ಆದರೆ ರೋಮನ್ ಕಂಚಿನ ನಾಣ್ಯವಾದರೆ ಸಾಮಾನ್ಯವಾಗಿ ಒಂದು ಬದಿಯಲ್ಲಿ ರಾಜನ ಮುಖ, ಸುತ್ತಲೂ ಲ್ಯಾಟಿನ್ ಅಕ್ಷರ. ಸವೆದರೂ ಮೂಗು, ಗದ್ದ ಕಾಣುತ್ತವೆ. ನಮ್ಮ ವಿಜಯನಗರದ ರಾಯರು ತಾಮ್ರದ ಕಾಸಿನ ಮೇಲೆ ಮುಖ ತೋರಿಸಿದವರಲ್ಲ. ಆನೆಯನ್ನೋ, ಗರುಡನನ್ನೋ, ಹನುಮನನ್ನೋ ನಿಲ್ಲಿಸಿ, ಹಿಂಬದಿಗೆ ಹೆಸರು ಬರೆಸಿದರು. ದೇವರಾಯನ ಕೆಲವು ಆನೆ ಕಾಸುಗಳ ಮೇಲೆ 'ರಾಯ ಗಜ ಗಂಡಭೇರುಂಡ' ಎಂಬ ಬಿರುದೂ ಇರುತ್ತದೆ. (ಬೆರಳುಗುರಿನಷ್ಟು ತಾಮ್ರದಲ್ಲಿ ಅಷ್ಟು ಉದ್ದದ ಬಿರುದು!)

ಗೆಳೆಯರ ಬಿಲ್ಲೆಯಲ್ಲಿ ಸೊಂಡಿಲು ಸ್ಪಷ್ಟ. ರೋಮ್ ಅಲ್ಲ, ಹಂಪಿಯೇ ಇರಬೇಕು. ಅವರಿಗೆ ತುಸು ನಿರಾಸೆ, ನನಗೆ ಖುಷಿ.

ನಿಮಗೂ ಹೊಲದಲ್ಲಿ ಇಂಥದ್ದು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರವೂ ಹೋಗುತ್ತದೆ. ಫೋಟೊ ತೆಗೆದು, ತೂಕ ಬರೆದಿಟ್ಟುಕೊಂಡು, ತಹಶೀಲ್ದಾರರ ಕಚೇರಿಗೆ ತಿಳಿಸಿ. ಹೋಲಿಸಿ ನೋಡಬೇಕೆಂದರೆ ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ವಿಜಯನಗರದ ನಾಣ್ಯಗಳಿವೆ.